ತೆಂಗಿನ ಸೀಮೆಯಲ್ಲಿ ಕೂತು ಕಾಮಿಕ್ಸ್ ಬರೆಯುವುದು

ಕಾಮಿಕ್ಸ್ ಬರೆದು ಬದುಕಬೇಕೆಂದು ಆಸೆಪಡುವ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಹುಡುಗ ಹುಡುಗಿಯರು ಮೊದಲು ಕೇಳುವ ಪ್ರಶ್ನೆ, ಬೆಂಗಳೂರಿಗೆ ಹೋಗಲೇಬೇಕಾ ಅನ್ನುವುದು. ಬೇಕಾಗಿಲ್ಲ. ಈ ಕೆಲಸದಲ್ಲಿ ಊರು ದಾಟಿ ಹೋಗಬೇಕಾದದ್ದು ಪುಟ ಮಾತ್ರ. ಸ್ಕ್ಯಾನ್ ಮಾಡಿದ ಪುಟ ಹುಳಿಯಾರಿನಿಂದ ಹೋದರೂ ಇಂದಿರಾನಗರದಿಂದ ಹೋದರೂ ಸಂಪಾದಕರ ಪರದೆಯ ಮೇಲೆ ಒಂದೇ ಥರ ಕಾಣುತ್ತದೆ. ಸತೀಶ್ ಆಚಾರ್ಯ ಅವರನ್ನೇ ನೋಡಿ. ಮುಂಬೈಯ ಮಿಡ್-ಡೇ ಪತ್ರಿಕೆಯಲ್ಲಿ ಕೆಲಸ ಮಾಡಿ, ಹುಟ್ಟೂರು ಕುಂದಾಪುರಕ್ಕೆ ಮರಳಿ, ಅಲ್ಲೇ ಕೂತು ಹೊರಗಿನ ಪತ್ರಿಕೆಗಳಿಗೆ ವ್ಯಂಗ್ಯಚಿತ್ರ ಬರೆಯುತ್ತಿದ್ದಾರೆ. ಕಲಾಶಾಲೆಯಲ್ಲಿ ಕಲಿತವರಲ್ಲ, ತಾವೇ ಕಲಿತವರು. ವ್ಯಂಗ್ಯಚಿತ್ರ ಬೇರೆ, ಕಾಮಿಕ್ಸ್ ಬೇರೆ ನಿಜ. ಆದರೆ ಸಣ್ಣ ಊರಿನಲ್ಲಿದ್ದು ಸ್ವತಂತ್ರವಾಗಿ ಗೆರೆ ಎಳೆದು ಬದುಕುವ ದಾರಿ ಎರಡಕ್ಕೂ ಒಂದೇ.

ಊರಿನಲ್ಲಿದ್ದರೆ ಬಾಡಿಗೆ ಉಳಿಯುತ್ತದೆ, ದಿನಕ್ಕೆ ಎರಡು ಮೂರು ಗಂಟೆ ಟ್ರಾಫಿಕ್ಕಿಗೆ ಹೋಗುವುದಿಲ್ಲ. ಅದಕ್ಕಿಂತ ದೊಡ್ಡ ಲಾಭ, ಬೇರೆ ಯಾರೂ ಬರೆಯದ ಜಗತ್ತೊಂದು ಕಣ್ಣೆದುರಿಗೆ ಇರುತ್ತದೆ. ಈ ಲೇಖನ ಮುಖ್ಯವಾಗಿ ಅದರ ಬಗ್ಗೆ. ಜೊತೆಗೆ ಕಾಗದ, ಶಾಯಿ, ಕರಾರು, ದುಡ್ಡು.

ಮೊದಲೇ ಒಂದು ಮಾತು ಹೇಳಿಬಿಡಬೇಕು. ಕನ್ನಡದ ಕಾಮಿಕ್ಸ್ ಒಂದನ್ನೇ ನಂಬಿ ಇವತ್ತು ಸಂಸಾರ ನಡೆಸುವುದು ಕಷ್ಟ. ಕನ್ನಡದ ಓದುಗರಿಗೆ ಕಾಮಿಕ್ಸ್ ಹೊಸದೇನಲ್ಲ. ‘ಸುಧಾ’ದಲ್ಲಿ ಫ್ಯಾಂಟಮ್ ಓದಿ ಬೆಳೆದವರಿದ್ದಾರೆ, ‘ಬಾಲಮಂಗಳ’ದ ಡಿಂಗನಿಗಾಗಿ ಕಾದವರಿದ್ದಾರೆ. ಅಮರ ಚಿತ್ರ ಕಥೆಯನ್ನು 1967ರಲ್ಲಿ ಕಟ್ಟಿ ನಿಲ್ಲಿಸಿದ ಅನಂತ ಪೈ ನಮ್ಮ ಕಾರ್ಕಳದವರು. ಆದರೆ ಆ ಪುಸ್ತಕಗಳಿಗೆ ಚಿತ್ರ ಬರೆದ ರಾಮ್ ವಾಯೀರ್ಕರ್, ಪ್ರತಾಪ್ ಮುಳೀಕ್, ದಿಲೀಪ್ ಕದಂ ಮೊದಲಾದವರ ಬೀಡು ಮಹಾರಾಷ್ಟ್ರ. ಮುಂದೆ ಬೆಂಗಳೂರಿನಲ್ಲೂ ಸ್ಟುಡಿಯೋಗಳು ಬಂದವು. 2004ರಲ್ಲಿ ‘ಸ್ಪೈಡರ್-ಮ್ಯಾನ್: ಇಂಡಿಯಾ’ ಹೊರತಂದ ಗೋಥಮ್ ತಂಡಕ್ಕೆ ಚಿತ್ರ ಬರೆದವರು ಜೀವನ್ ಕಾಂಗ್, 2006ರಲ್ಲಿ ಶುರುವಾದ ವರ್ಜಿನ್ ಕಾಮಿಕ್ಸ್‌ನ ಸ್ಟುಡಿಯೋ ಬೆಂಗಳೂರಿನಲ್ಲೇ ಇತ್ತು, 2008ರಲ್ಲಿ ಅದು ಲಿಕ್ವಿಡ್ ಕಾಮಿಕ್ಸ್ ಆಯಿತು. ಆ ಸ್ಟುಡಿಯೋಗಳ ಪುಸ್ತಕಗಳು ಬಹುಪಾಲು ಇಂಗ್ಲಿಷಿನಲ್ಲಿ ಬಂದವು. ಹಾಗಾಗಿ ಇಲ್ಲಿಯ ಕಲಾವಿದ ಎರಡು ಮೂರು ಕಡೆಯಿಂದ ಕೆಲಸ ಕೂಡಿಸಿಕೊಳ್ಳಬೇಕು: ಕನ್ನಡದ ಮಕ್ಕಳ ಪುಸ್ತಕ, ಹೊರಗಿನ ಪ್ರಕಾಶಕರ ಕಾಮಿಕ್ಸ್, ಸಂಸ್ಥೆ ಇಲಾಖೆಗಳ ಮಾಹಿತಿ ಚಿತ್ರಕಥೆ. ಇದನ್ನು ಸೋಲು ಅಂದುಕೊಳ್ಳಬೇಡಿ. ತೋಟದಲ್ಲಿ ತೆಂಗಿನ ಜೊತೆ ಅಡಿಕೆ, ಬಾಳೆ, ಹುರುಳಿ ಇಟ್ಟವನೇ ಬರಗಾಲದಲ್ಲಿ ಉಳಿಯುವುದು.

ಒಂದು ಪುಟ ಹುಟ್ಟುವ ಬಗೆ

ಕಾಮಿಕ್ಸ್ ಕೆಲಸ ಕಥೆಗಾರರ ಸ್ಕ್ರಿಪ್ಟ್‌ನಿಂದ ಶುರುವಾಗುತ್ತದೆ. ಉದಾಹರಣೆಗೆ ಸ್ಕ್ರಿಪ್ಟ್‌ನಲ್ಲಿ ಇಷ್ಟೇ ಇದೆ ಅಂದುಕೊಳ್ಳಿ: “ರೈತ ಅಟ್ಟ ಹತ್ತಿ ಕೊಬ್ಬರಿ ಆಗಿದೆಯೋ ಇಲ್ಲವೋ ನೋಡುತ್ತಾನೆ. ಆಗಿದೆ. ಮಗಳ ಕಾಲೇಜು ಫೀಸಿಗೆ ದುಡ್ಡು ಹೊಂದುತ್ತದೆ ಎಂದು ಅವನಿಗೆ ನೆಮ್ಮದಿ.” ಹೊಸಬರು ಸಾಮಾನ್ಯವಾಗಿ ಏನು ಮಾಡುತ್ತಾರೆಂದರೆ, ಆರು ಚೌಕ ಹಾಕಿ, ಆರರಲ್ಲೂ ಸೊಂಟದಿಂದ ಮೇಲಿನ ರೈತನನ್ನು ಬರೆದು, ಎಲ್ಲವನ್ನೂ ಅವನ ಬಾಯಲ್ಲಿ ಹೇಳಿಸುತ್ತಾರೆ. ಚಿತ್ರ ಎಷ್ಟೇ ಚೆನ್ನಾಗಿದ್ದರೂ ಆ ಪುಟ ಸತ್ತ ಹಾಗೆ.

ಇದೇ ಪುಟವನ್ನು ಹೀಗೆ ಒಡೆದು ನೋಡಿ. ಮೊದಲ ಚೌಕ ಅಗಲ: ಹೆಂಚಿನ ಮನೆಯ ಒಳಗು, ಗೋಡೆಗೆ ಒರಗಿದ ಏಣಿ, ಏಣಿಯ ಮೇಲೆ ಎರಡು ಕಾಲು, ನಾವು ಎಲ್ಲಿದ್ದೇವೆಂದು ಓದುಗನಿಗೆ ತಿಳಿಯಿತು. ಎರಡನೆಯದರಲ್ಲಿ ಅಟ್ಟದ ಕತ್ತಲೆ, ಹೆಂಚಿನ ಸಂದಿಯಿಂದ ಬಿದ್ದ ಒಂದೆರಡು ಬೆಳಕಿನ ಗೆರೆ, ಅದರಲ್ಲಿ ಅರ್ಧ ಮುಖ, ಸುತ್ತ ಕಾಯಿಗಳ ರಾಶಿ. ಮೂರನೆಯದು ರಾಶಿಗೆ ಕೈ ಹಾಕಿ ಒಂದನ್ನು ಎತ್ತಿಕೊಳ್ಳುವ ಕೈ ಮಾತ್ರ. ನಾಲ್ಕನೆಯದು ಇಡೀ ಪುಟದ ಜೀವ: ಕಾಯಿ ಕಿವಿಯ ಹತ್ತಿರ, ಮಾತಿಲ್ಲ, ಶಬ್ದ ಮಾತ್ರ, “ಲೊಟ ಲೊಟ”. ಎಂಟು ಹತ್ತು ತಿಂಗಳು, ಒಮ್ಮೊಮ್ಮೆ ವರ್ಷ, ಅಟ್ಟದ ಮೇಲೆ ಕೂತ ಕಾಯಿಯಲ್ಲಿ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾದಾಗ ಬರುವ ಶಬ್ದ ಅದು. ಐದನೆಯದು ಸಣ್ಣ ಚೌಕ, ಅವನ ಕಣ್ಣು. ಆರನೆಯದು ಅಟ್ಟದಿಂದ ಕೆಳಗೆ ನೋಡಿದ ನೋಟ: ಏಣಿಯ ಬುಡದಲ್ಲಿ ಬ್ಯಾಗು ಹೆಗಲಿಗೆ ಹಾಕಿಕೊಂಡು ಮುಖ ಮೇಲೆತ್ತಿ ನಿಂತ ಮಗಳು. ಫೀಸಿನ ಮಾತೇ ಬೇಕಾಗಲಿಲ್ಲ. ಉಂಡೆ ಕೊಬ್ಬರಿ ಕಂಡಿರದ ರಾಯಚೂರಿನ ಓದುಗನಿಗೂ ಶಬ್ದ ಕೇಳಿಸಿತು, ಅರ್ಥವಾಯಿತು.

ಈ ಯೋಚನೆಯೆಲ್ಲ ನಡೆಯುವುದು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಕರಡಿನಲ್ಲಿ. ಇದಕ್ಕೆ ತಂಬ್‌ನೇಲ್ ಅನ್ನುತ್ತಾರೆ. ಕಣ್ಣು ಮೂಗು ಏನೂ ಬೇಡ. ಕಡ್ಡಿ ಆಕೃತಿ, ಕಪ್ಪು ಎಲ್ಲಿ ಬಿಳುಪು ಎಲ್ಲಿ, ಮಾತಿನ ಗುಳ್ಳೆ ಎಲ್ಲಿ, ಅಷ್ಟೇ. ಒಂದೇ ಪುಟಕ್ಕೆ ಮೂರು ನಾಲ್ಕು ಬಗೆ ಹಾಕಿ. ಇಲ್ಲಿ ಅರ್ಧ ಗಂಟೆ ಜಾಸ್ತಿ ಕೂತರೆ ಮುಂದೆ ಎರಡು ದಿನ ಉಳಿಯುತ್ತದೆ. ಸಂಪಾದಕರಿಗೆ ಮೊದಲು ಕಳಿಸಬೇಕಾದದ್ದೂ ಇದನ್ನೇ. ಶಾಯಿ ಹಾಕಿದ ಮೇಲೆ “ಇದು ಬೇಡ, ಇನ್ನೊಂದು ಕೋನದಿಂದ” ಅಂದರೆ ಪುಟವೇ ಹೋದ ಹಾಗೆ. ತಂಬ್‌ನೇಲ್‌ನಲ್ಲಿ ಅಂದರೆ ಐದು ನಿಮಿಷದ ಕೆಲಸ.

ಕಲಿಯಲು ಪುಸ್ತಕ ಬೇಕೆನ್ನುವವರು ವಿಲ್ ಐಸ್ನರ್ ಅವರ ‘ಕಾಮಿಕ್ಸ್ ಅಂಡ್ ಸೀಕ್ವೆನ್ಷಿಯಲ್ ಆರ್ಟ್’ (1985), ಸ್ಕಾಟ್ ಮೆಕ್‌ಕ್ಲೌಡ್ ಅವರ ‘ಅಂಡರ್‌ಸ್ಟ್ಯಾಂಡಿಂಗ್ ಕಾಮಿಕ್ಸ್’ (1993) ಓದಲೇಬೇಕು. ಅಷ್ಟೇ ಮುಖ್ಯವಾದ ಪಾಠ ಅರಳಗುಪ್ಪೆಯಲ್ಲಿದೆ, ತಿಪಟೂರು ತಾಲ್ಲೂಕಿನಲ್ಲೇ. ಅಲ್ಲಿಯ ಕಲ್ಲೇಶ್ವರ ಗುಡಿ ಒಂಬತ್ತನೆಯ ಶತಮಾನದ್ದು. ಒಳಗೆ ಹೋಗಿ ತಲೆ ಎತ್ತಿದರೆ ಮಾಳಿಗೆಯ ನಡುವೆ ಕುಣಿಯುವ ಶಿವ, ಸುತ್ತ ಎಂಟು ದಿಕ್ಪಾಲಕರು. ನಡುವೆ ಒಂದು, ಸುತ್ತ ಎಂಟು: ಕಾಮಿಕ್ಸ್‌ನವರು ಇವತ್ತು ಬಳಸುವ ಒಂಬತ್ತು ಚೌಕದ ಪುಟದ ಲೆಕ್ಕವೇ ಅದು. ಪ್ರತಿ ಚೌಕದಲ್ಲೂ ಒಬ್ಬೊಬ್ಬ ದೇವರು ತನ್ನ ವಾಹನದ ಸಮೇತ ಇಕ್ಕಟ್ಟಿನಲ್ಲಿ ಹೇಗೆ ಹಿಡಿಸಿದ್ದಾನೆ, ಎಲ್ಲಿ ಖಾಲಿ ಬಿಟ್ಟಿದ್ದಾರೆ, ಎಂದು ಸ್ಕೆಚ್ ಪುಸ್ತಕ ಹಿಡಿದು ನೋಡಿ. ಅದೇ ಊರಿನ ಚೆನ್ನಕೇಶವ ಗುಡಿ ಹದಿಮೂರನೆಯ ಶತಮಾನದ ಹೊಯ್ಸಳರ ಕೆಲಸ. ಹೊಯ್ಸಳ ಗುಡಿಗಳ ಕಥಾಪಟ್ಟಿಕೆಗಳನ್ನು ಬೇಲೂರು ಕಡೆ, ಹಳೇಬೀಡಿನಲ್ಲಿ ನೋಡುವಾಗ ಒಂದು ಸಂಗತಿ ಗಮನಿಸಿ: ಪ್ರದಕ್ಷಿಣೆಯ ದಾರಿಯಲ್ಲಿ ನಡೆಯುತ್ತ ಗೋಡೆಗೆ ಮುಖ ಮಾಡಿ ನಿಂತರೆ ಮುಂದಿನ ದೃಶ್ಯ ಎಡಗಡೆಗೆ ಇರುತ್ತದೆ. ನಮ್ಮ ಪುಟದಲ್ಲಿ ಮುಂದಿನದು ಬಲಕ್ಕೆ. ಓಡುವ ಮನುಷ್ಯ ಬಲಕ್ಕೆ ಓಡಿದರೆ ಓದುಗನ ಕಣ್ಣಿನ ಜೊತೆ ಓಡುತ್ತಾನೆ, ಎಡಕ್ಕೆ ಓಡಿದರೆ ಎದುರಾಗಿ ಬರುತ್ತಾನೆ, ತಡೆದಂತೆ ಅನಿಸುತ್ತದೆ. ಮನೆಗೆ ವಾಪಸ್ ಬರುವವನನ್ನು ಎಡಕ್ಕೆ ನಡೆಸಿ, ಹೊರಟವನನ್ನು ಬಲಕ್ಕೆ ನಡೆಸಿ, ಹೇಳದೆಯೇ ತಿಳಿಯುತ್ತದೆ.

ಕಾಗದ, ಪೆನ್ಸಿಲ್, ಶಾಯಿ

ಪುಸ್ತಕ ಅಚ್ಚಾಗುವ ಅಳತೆಯನ್ನು ಮೊದಲು ಕೇಳಿ ತಿಳಿದುಕೊಳ್ಳಿ. ಅಮೆರಿಕದ ಮಾದರಿಯ ಕಾಮಿಕ್ಸ್ ಸುಮಾರು 17 × 26 ಸೆಂ.ಮೀ. ಅಚ್ಚಿನ ಅಳತೆಯ ಒಂದೂವರೆ ಪಟ್ಟು ದೊಡ್ಡದಾಗಿ ಬರೆದರೆ 25.5 × 39 ಸೆಂ.ಮೀ. ಆಗುತ್ತದೆ, ಅದು ಎ3 ಹಾಳೆಯಲ್ಲಿ ಸರಿಯಾಗಿ ಕೂರುತ್ತದೆ. ದೊಡ್ಡದಾಗಿ ಬರೆದದ್ದು ಚಿಕ್ಕದಾದಾಗ ಗೆರೆ ಬಿಗಿಯಾಗುತ್ತದೆ, ಸಣ್ಣ ಅಂಕುಡೊಂಕು ಮರೆಯಾಗುತ್ತದೆ. 200 ಜಿ.ಎಸ್.ಎಂ. ಮೇಲಿನ ನಯವಾದ ಕಾರ್ಟ್ರಿಜ್ ಅಥವಾ ಬ್ರಿಸ್ಟಲ್ ಹಾಳೆ ಸಾಕು. ಪೆನ್ಸಿಲ್ಲಿಗೆ ತಿಳಿನೀಲಿ ಬಣ್ಣದ್ದು ಒಳ್ಳೆಯದು, ಸ್ಕ್ಯಾನ್ ಮಾಡಿದ ಮೇಲೆ ಕಂಪ್ಯೂಟರಿನಲ್ಲಿ ನೀಲಿಯನ್ನು ಸುಲಭವಾಗಿ ತೆಗೆದುಬಿಡಬಹುದು. ರಬ್ಬರ್ ಉಜ್ಜಿ ಶಾಯಿ ಮಂಕಾಗುವ ಕಾಟ ಇಲ್ಲ. ಶಾಯಿ ನೀರಿಗೆ ಕರಗದ್ದಾಗಿರಲಿ. ನಿಬ್ಬು, ಕುಂಚ, ಪಿಗ್ಮೆಂಟ್ ಲೈನರ್ ಇವುಗಳಲ್ಲಿ ನನ್ನ ಒಲವು ಕುಂಚದ ಕಡೆಗೆ. ಕಲಿಯಲು ತಡ, ಆದರೆ ಒಂದೇ ಏಟಿನಲ್ಲಿ ದಪ್ಪ ತೆಳುವು ಎರಡೂ ಬರುವುದು ಅದರಲ್ಲೇ. ತೆಂಗಿನ ಸೀಮೆಯವನಿಗೆ ಅದು ಬೇಕೇ ಬೇಕು.

ಯಾಕೆಂದರೆ ತೆಂಗಿನ ಮರ. ಎಲ್ಲರೂ ಬರೆಯುತ್ತಾರೆ, ಬಹುಪಾಲು ಜನ ತಪ್ಪು ಬರೆಯುತ್ತಾರೆ: ಒಂದು ಬಾಗಿದ ಕಂಬ, ಅದರ ತುದಿಯಲ್ಲಿ ಒಂದೇ ಬಿಂದುವಿನಿಂದ ಸುತ್ತ ಸಿಡಿದ ಎಂಟು ಗರಿ, ನಡುವೆ ಮೂರು ಉಂಡೆ. ಕಡಲತೀರದ ಪೋಸ್ಟರಿನ ಮರ ಅದು. ತೋಟಕ್ಕೆ ಹೋಗಿ ಒಂದು ಮರದ ಕೆಳಗೆ ಕೂತು ನೋಡಿ. ತಿಪಟೂರು ಟಾಲ್ ತಳಿಯ ಮರಕ್ಕೆ ಬುಡ ಉಬ್ಬಿರುತ್ತದೆ, ಅಲ್ಲಿಂದ ಮೇಲೆ ಕಾಂಡ ಬೇರೆ ಮರಗಳ ಹಾಗೆ ಸಣ್ಣಗಾಗುತ್ತ ಹೋಗುವುದಿಲ್ಲ, ಬಹುತೇಕ ಒಂದೇ ದಪ್ಪ. ಕಾಂಡದ ಮೇಲಿನ ಬಳೆಗಳು ಉದುರಿದ ಗರಿಗಳ ಗುರುತು. ಮರ ತಿಂಗಳಿಗೆ ಒಂದು ಗರಿಯಂತೆ ಬಿಡುತ್ತ ಹೋಗುತ್ತದೆ, ಆದ್ದರಿಂದ ತಲೆಯಲ್ಲಿ ಮೂವತ್ತಕ್ಕೂ ಹೆಚ್ಚು ಗರಿ, ಎಲ್ಲವೂ ಬೇರೆ ಬೇರೆ ವಯಸ್ಸಿನವು. ನಡುವೆ ನೆಟ್ಟಗೆ ಸುಳಿ. ಅದರ ಸುತ್ತ ಮೇಲ್ಮುಖವಾದ ಎಳೆಯವು. ಅದಕ್ಕೂ ಕೆಳಗೆ ಅಡ್ಡ ಚಾಚಿದವು. ಎಲ್ಲಕ್ಕೂ ಕೆಳಗೆ ಜೋತುಬಿದ್ದು ಒಣಗುತ್ತಿರುವ ಹಳೆಯವು. ಗರಿಯ ಕಂಕುಳಲ್ಲಿ ಗೊನೆ, ಗೊನೆಗಳಿಗೂ ಗರಿಯದೇ ವಯಸ್ಸು: ಮೇಲೆ ಹೊಂಬಾಳೆ, ನಡುವೆ ಎಳನೀರು, ಕೆಳಗೆ ಬಲಿತ ಕಾಯಿ. ಒಂದು ಮರದಲ್ಲಿ ಇಡೀ ವರ್ಷ ಒಟ್ಟಿಗೆ ತೂಗುತ್ತಿರುತ್ತದೆ.

ಇದನ್ನು ಶಾಯಿಯಲ್ಲಿ ತರುವ ಕ್ರಮ ಹೀಗೆ. ಮೊದಲು ಗರಿಗಳ ನಡುದಿಂಡು ಮಾತ್ರ, ಬುಡದಲ್ಲಿ ದಪ್ಪ, ತುದಿಗೆ ಹೋಗುತ್ತ ಸಣ್ಣ, ಬಿಲ್ಲಿನಂತೆ ಬಾಗಿದ ಗೆರೆ. ಎಲ್ಲ ಒಂದೇ ಬಿಂದುವಿನಿಂದ ಹೊರಡಬಾರದು, ಕಾಂಡದ ತುದಿಯನ್ನು ಸುತ್ತಿಕೊಂಡು ಒಂದರ ಮೇಲೊಂದು ಏರಬೇಕು. ನಮ್ಮ ಕಡೆಗೆ ಬರುವ ಗರಿ ಗಿಡ್ಡ ಕಾಣುತ್ತದೆ; ಅದನ್ನು ಬರೆಯಲು ಹೆದರಿ ಬಿಟ್ಟರೆ ಮರ ಕಾಗದಕ್ಕೆ ಅಂಟಿಸಿದಂತಾಗುತ್ತದೆ. ಆಮೇಲೆ ಬಿಸಿಲು ಯಾವ ಕಡೆ ಎಂದು ನಿರ್ಧರಿಸಿ. ನೆರಳಿನ ಬದಿಯ ಗರಿಗಳನ್ನು ಒಟ್ಟಾಗಿ ಕಪ್ಪು ತುಂಬಿ, ಅಂಚಿನಲ್ಲಿ ಮಾತ್ರ ಎಲೆಗಳ ಮೊನೆ ಹೊರಗೆ ತೆಗೆಯಿರಿ. ಬಿಸಿಲಿನ ಬದಿಯಲ್ಲಿ ದಿಂಡಿನ ಕೆಳಗೆ ಮಾತ್ರ ಎಲೆಗಳ ಏಟು, ಮೇಲ್ಭಾಗ ಬಿಳಿಯಾಗಿಯೇ ಇರಲಿ. ಪ್ರತಿ ಎಲೆಯನ್ನೂ ಎಣಿಸಿ ಬರೆಯುವವನ ಮರ ಬಾಚಣಿಗೆಯಾಗುತ್ತದೆ. ಗಾಳಿ ಇದ್ದರೆ ಎಲ್ಲ ಮೊನೆಗಳೂ ಒಂದೇ ಕಡೆ.

ಹೀಗೆ ಒಂದು ಮರ ಕಲಿತವನು ತೋಟ ಬರೆಯಬಲ್ಲ. ತೋಟದ ಇನ್ನೊಂದು ಕಷ್ಟ ಎಂದರೆ ಸಾಲು. ಒಂದೇ ದಪ್ಪದ ಕಂಬಗಳು ದೂರದವರೆಗೂ ಒಂದೇ ಅಂತರದಲ್ಲಿ ನಿಂತಿರುತ್ತವೆ, ಅವುಗಳ ನಡುವೆ ಪಾತ್ರ ಕಳೆದುಹೋಗುತ್ತದೆ. ಹತ್ತಿರದ ಒಂದೆರಡು ಕಾಂಡಗಳನ್ನು ಕಡುಕಪ್ಪು ಮಾಡಿ, ನಡುವಿನವನ್ನು ಗೆರೆಯಲ್ಲಿ ಬಿಟ್ಟು, ದೂರದವನ್ನು ತೆಳು ಬೂದು ಮಾಡಿ. ನಡುವಿನ ಬಿಳುಪಿನಲ್ಲಿ ಪಾತ್ರ ನಿಲ್ಲಿಸಿ. ಹತ್ತಿರದ ಆ ಕಪ್ಪು ಕಾಂಡಗಳೇ ಚೌಕಕ್ಕೆ ಬೇಕಾದ ಅಂಚೂ ಆಗುತ್ತವೆ. ಬಣ್ಣ ಹಾಕುವಾಗಲೂ ಇದೇ. ಅಚ್ಚಿನ ಶಾಯಿಯಲ್ಲಿ ಹಸಿರು ಪರದೆಯ ಮೇಲಿದ್ದಷ್ಟು ಹೊಳೆಯುವುದಿಲ್ಲ, ಎಲ್ಲ ಹಸಿರೂ ಸೇರಿ ಕೆಸರಾಗುತ್ತದೆ. ತೋಟದಲ್ಲಿ ನಿಜವಾಗಿ ಇರುವ ಬೇರೆ ಬಣ್ಣಗಳನ್ನು ತನ್ನಿ: ಒಣಗರಿಯ ಕಂದು, ಕೆಮ್ಮಣ್ಣು, ಗೊನೆಯ ಹಳದಿ, ಬೇಸಿಗೆಯ ಬೂದಿ ಧೂಳು.

ಕಂಪ್ಯೂಟರಿನಲ್ಲೇ ಬರೆಯುವವರಿಗೂ ಮೇಲಿನದೆಲ್ಲ ಅನ್ವಯ. ಕ್ರಿಟಾ ಎಂಬ ತಂತ್ರಾಂಶ ಉಚಿತ, ಕಾಮಿಕ್ಸ್‌ಗೆ ಬೇಕಾದದ್ದೆಲ್ಲ ಅದರಲ್ಲಿದೆ. ದುಡ್ಡು ಕೂಡಿದ ಮೇಲೆ ಕ್ಲಿಪ್ ಸ್ಟುಡಿಯೋ ಪೇಂಟ್ ಕೊಳ್ಳಬಹುದು. ಗೆರೆಚಿತ್ರವನ್ನು 600 ಡಿ.ಪಿ.ಐ.ನಲ್ಲಿ, ಬಣ್ಣದ ಪುಟವನ್ನು ಕನಿಷ್ಠ 300ರಲ್ಲಿ ಇಡಿ. ಚಿತ್ರ ಅಂಚಿನವರೆಗೂ ಹೋಗುವುದಾದರೆ ಕತ್ತರಿಸಲು 3 ಮಿ.ಮೀ. ಹೆಚ್ಚು ಬಿಡಿ. ಎ3 ಸ್ಕ್ಯಾನರ್ ಇಲ್ಲದಿದ್ದರೆ ಎ4 ಸ್ಕ್ಯಾನರಿನಲ್ಲೇ ಎರಡು ಭಾಗವಾಗಿ, ನಾಲ್ಕು ಬೆರಳಗಲ ಒಂದರ ಮೇಲೊಂದು ಬರುವಂತೆ ಸ್ಕ್ಯಾನ್ ಮಾಡಿ ಜೋಡಿಸಬಹುದು. ಮೊಬೈಲಿನಲ್ಲಿ ಫೋಟೋ ಹೊಡೆದು ಮಾತ್ರ ಅಚ್ಚಿಗೆ ಕಳಿಸಬೇಡಿ.

ಕನ್ನಡದ ಗುಳ್ಳೆ

ಇಂಗ್ಲಿಷ್ ಕಾಮಿಕ್ಸ್ ನೋಡಿ ಕಲಿತವರು ಎಡವುವುದು ಇಲ್ಲಿ. ಇಂಗ್ಲಿಷಿನ ದೊಡ್ಡಕ್ಷರಗಳು ಒಂದೇ ಎತ್ತರದಲ್ಲಿ ಒತ್ತಾಗಿ ಕೂರುತ್ತವೆ. ಕನ್ನಡಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು, ಸಾಲುಗಳ ನಡುವೆ ಜಾಗ ಕೊಡದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ದೀರ್ಘಕ್ಕೆ ತಾಗುತ್ತದೆ. ಪದಗಳೂ ಉದ್ದ; ‘ಹೋಗಬೇಕಾಗಿತ್ತಲ್ಲ’ ಎನ್ನುವುದನ್ನು ನಡುವೆ ಮುರಿದರೆ ಓದು ಕೆಡುತ್ತದೆ. ಆದ್ದರಿಂದ ಕನ್ನಡದ ಗುಳ್ಳೆ ಅಗಲವಾಗಿರಬೇಕು, ಅದರ ಜಾಗ ತಂಬ್‌ನೇಲ್‌ನಲ್ಲೇ ಮೀಸಲಾಗಬೇಕು. ಚೌಕದ ಮೇಲಿನ ಮೂರನೇ ಒಂದು ಭಾಗ ಮಾತಿಗೆ ಎಂದು ಬಿಟ್ಟುಕೊಂಡರೆ ಆಮೇಲೆ ಪಾತ್ರದ ತಲೆಯ ಮೇಲೆ ಗುಳ್ಳೆ ಕೂರಿಸುವ ಪ್ರಸಂಗ ಬರುವುದಿಲ್ಲ. ಮೊದಲು ಮಾತಾಡುವವರು ಎಡಕ್ಕೆ ನಿಂತಿರಲಿ. ಇಷ್ಟು ಮರೆತರೆ ಬಾಲಗಳು ಒಂದನ್ನೊಂದು ಕತ್ತರಿಸಿ ಯಾರ ಮಾತು ಯಾವುದೆಂದೇ ತಿಳಿಯುವುದಿಲ್ಲ.

ಕೈಬರಹ ಚೆನ್ನಾಗಿದ್ದವರು ಕೈಯಲ್ಲೇ ಬರೆಯಲಿ ಎನ್ನುವುದು ನನ್ನ ಆಸೆ, ಪುಟಕ್ಕೆ ಅದರಷ್ಟು ಹೊಂದುವುದು ಬೇರೆ ಇಲ್ಲ. ಫಾಂಟ್ ಬಳಸುವುದಾದರೆ ಯೂನಿಕೋಡ್ ಇರಲಿ. ಬಲೂ ತಮ್ಮ, ನೋಟೋ ಸಾನ್ಸ್ ಕನ್ನಡ ಮುಂತಾದವು ಉಚಿತವಾಗಿ ಸಿಗುತ್ತವೆ. ಫೋಟೋಶಾಪ್‌ನಲ್ಲಿ ಒತ್ತಕ್ಷರ ಒಡೆದು ಕಂಡರೆ ವರ್ಲ್ಡ್-ರೆಡಿ ಕಂಪೋಸರ್ ಆಯ್ದುಕೊಳ್ಳಬೇಕು. ಮುದ್ರಣಾಲಯದವರು ಹಳೆಯ ನುಡಿ ಫಾಂಟ್ ಕೇಳಿದರೆ ಪರಿವರ್ತಿಸಿದ ಮೇಲೆ ಪ್ರತಿ ಗುಳ್ಳೆಯನ್ನೂ ಮತ್ತೆ ಓದಿ. ಅರ್ಕಾವತ್ತು, ಸೊನ್ನೆ ಜಾಗ ಬದಲಿಸಿರುತ್ತವೆ. ಮಾತು, ಗುಳ್ಳೆ, ಚಿತ್ರ ಮೂರನ್ನೂ ಬೇರೆ ಬೇರೆ ಪದರದಲ್ಲಿ ಇಡಿ. ನಾಳೆ ಅದೇ ಪುಟ ತೆಲುಗಿಗೋ ಇಂಗ್ಲಿಷಿಗೋ ಹೋದರೆ ಚಿತ್ರ ಮತ್ತೆ ಬರೆಯಬೇಕಾಗಿಲ್ಲ, ಹಕ್ಕು ನಿಮ್ಮದಾಗಿದ್ದರೆ ಇನ್ನೊಮ್ಮೆ ದುಡ್ಡೂ ಬರುತ್ತದೆ.

ಇನ್ನು ಮಾತು. ನೊಣವಿನಕೆರೆಯ ಸಂತೆಯಲ್ಲಿ ನಿಂತ ಪಾತ್ರ ಪಠ್ಯಪುಸ್ತಕದ ಕನ್ನಡ ಆಡಿದರೆ ಅಷ್ಟು ಕಷ್ಟಪಟ್ಟು ಬರೆದ ಸಂತೆಯೇ ಸುಳ್ಳಾಗುತ್ತದೆ. ಸ್ಕ್ರಿಪ್ಟ್ ಬೇರೆಯವರದಾದರೂ ಈ ಮಾತನ್ನು ಧೈರ್ಯವಾಗಿ ಹೇಳಿ.

ಚೌಕದ ಗೆರೆಯೇ ಬೇಡ ಎನ್ನುವವರಿಗೂ ದಾರಿ ಇದೆ. ಅಂಬೇಡ್ಕರ್ ಅವರ ಬದುಕಿನ ‘ಭೀಮಾಯಣ’ವನ್ನು (2011) ಚಿತ್ರಿಸಿದ ಗೊಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್, ಸುಭಾಷ್ ವ್ಯಾಮ್ ದಂಪತಿ ಪೆಟ್ಟಿಗೆಗಳನ್ನು ಒಪ್ಪಲಿಲ್ಲ. ತಮ್ಮ ಮನೆಯ ಗೋಡೆ ನೆಲಗಳ ವಿನ್ಯಾಸದಿಂದಲೇ ಪುಟ ಭಾಗ ಮಾಡಿದರು. ಒಳ್ಳೆಯ ಮಾತಿಗೆ ಹಕ್ಕಿಯ ಆಕಾರದ ಗುಳ್ಳೆ, ವಿಷದ ಮಾತಿಗೆ ಚೇಳಿನ ಕೊಂಡಿ. ನಮ್ಮ ಸೀಮೆಯಲ್ಲಿ ಮೂಡಲಪಾಯದ ಕಿರೀಟ ಭುಜಕೀರ್ತಿಗಳಿವೆ, ತೊಗಲುಗೊಂಬೆಗಳಿವೆ, ಚಿಕ್ಕನಾಯಕನಹಳ್ಳಿ ಕಡೆಯ ಕಂಬಳಿಯ ಅಂಚುಗಳಿವೆ. ಯಾರೂ ಇನ್ನೂ ಅವುಗಳಿಂದ ಒಂದು ಕಾಮಿಕ್ಸ್ ಪುಟ ಕಟ್ಟಿದ್ದನ್ನು ನಾನು ಕಂಡಿಲ್ಲ. ಕಾಣುವ ಆಸೆಯಿದೆ.

ದಿನ, ದರ, ಕರಾರು

ಅಮೆರಿಕದ ಮಾಸಿಕ ಕಾಮಿಕ್ಸ್‌ನಲ್ಲಿ ತಿಂಗಳಿಗೆ 20–22 ಪುಟ. ಅಲ್ಲಿ ಪೆನ್ಸಿಲ್ಲಿನವರು, ಶಾಯಿಯವರು, ಬಣ್ಣದವರು, ಅಕ್ಷರದವರು ಬೇರೆ ಬೇರೆ. ಇಲ್ಲಿ ಎಲ್ಲವೂ ನೀವೇ. ಒಂದು ಪೂರ್ಣ ಪುಟಕ್ಕೆ ಹೊಸಬರಿಗೆ ಎರಡು ಮೂರು ದಿನ ಹಿಡಿದರೆ ಗಾಬರಿಯಾಗಬೇಡಿ. ಬೆಳಗಿನ ಬೆಳಕಿನಲ್ಲಿ ತಂಬ್‌ನೇಲ್, ಪೆನ್ಸಿಲ್. ತಲೆ ದಣಿದ ಮಧ್ಯಾಹ್ನದಲ್ಲಿ ಕಪ್ಪು ತುಂಬುವುದು, ಸ್ಕ್ಯಾನ್, ಗೆರೆ ಸ್ವಚ್ಛ ಮಾಡುವುದು. ಕರೆಂಟ್ ಹೋಗುವ ಹೊತ್ತಿಗೆ ಕಾಗದದ ಕೆಲಸ ಇಟ್ಟುಕೊಳ್ಳಿ. ಗಂಟೆಗೊಮ್ಮೆ ಎದ್ದು ಮಣಿಕಟ್ಟು, ಬೆನ್ನು ಸಡಿಲಿಸಿ. ಕೈ ಹೋದರೆ ಈ ಕಸುಬಿನಲ್ಲಿ ಬೇರೆ ಬಂಡವಾಳ ಇಲ್ಲ.

ಪುಟಕ್ಕೆ ಎಷ್ಟು ಕೇಳಬೇಕು? ಬೇರೆಯವರ ದರ ಕೇಳಿಕೊಂಡು ಹೊರಡುವ ಮೊದಲು ನಿಮ್ಮ ಲೆಕ್ಕ ಹಾಕಿ. ಮನೆಖರ್ಚು, ಇಂಟರ್ನೆಟ್, ಕಾಗದ, ಉಪಕರಣಗಳ ಸವಕಳಿ, ಕೆಲಸವಿಲ್ಲದ ತಿಂಗಳಿಗೆ ಉಳಿತಾಯ ಎಲ್ಲ ಸೇರಿ ತಿಂಗಳಿಗೆ 24,000 ರೂಪಾಯಿ ಬೇಕು, ಕೈಯಿಂದ 8 ಪುಟ ಆಗುತ್ತದೆ ಎಂದಾದರೆ ಪುಟಕ್ಕೆ 3,000ಕ್ಕಿಂತ ಕಡಿಮೆ ಒಪ್ಪಿದ ದಿನ ನೀವು ಕೈಯಿಂದ ದುಡ್ಡು ಹಾಕಿ ದುಡಿಯುತ್ತಿದ್ದೀರಿ. ಮೂರು ಭಾಗ ಮಾಡಿ ಕೇಳಿ: ಶುರುವಿಗೆ ಒಂದು, ಪೆನ್ಸಿಲ್ ಒಪ್ಪಿದಾಗ ಒಂದು, ಕೊನೆಯ ಫೈಲಿಗೆ ಮೊದಲು ಒಂದು. ಎಷ್ಟು ಸಲ ತಿದ್ದುಪಡಿ ಎಂಬುದನ್ನೂ ಬರೆಸಿ. ತಂಬ್‌ನೇಲ್ ಹಂತದಲ್ಲಿ ಎರಡು, ಪೆನ್ಸಿಲ್ಲಿನಲ್ಲಿ ಒಂದು, ಆಮೇಲೆ ಪ್ರತಿ ಬದಲಾವಣೆಗೂ ಬೇರೆ ದರ.

ಕರಾರು ಇಲ್ಲದೆ ಗೆರೆ ಎಳೆಯಬೇಡಿ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕೃತಿ ಮಾಡಿದವರೇ ಮೊದಲ ಒಡೆಯರು ಎಂಬುದು ಸಾಮಾನ್ಯ ನಿಯಮ. ಆದರೆ 17ನೆಯ ಕಲಮಿನಲ್ಲಿ ವಿನಾಯಿತಿಗಳಿವೆ: ಸಂಬಳದ ನೌಕರಿಯಲ್ಲಿ ಮಾಡಿದ್ದು ಮಾಲೀಕರದು, ದುಡ್ಡು ಕೊಟ್ಟು ಬರೆಸಿದ ಪೇಂಟಿಂಗ್, ಭಾವಚಿತ್ರಗಳು ಬೇರೆ ಒಪ್ಪಂದ ಇಲ್ಲದಿದ್ದರೆ ಬರೆಸಿದವರದು. ಕಾಮಿಕ್ಸ್ ಪುಟ ಅದರೊಳಗೆ ಬರುತ್ತದೋ ಇಲ್ಲವೋ ಎಂಬ ವಾದಕ್ಕೆ ಎಡೆ ಕೊಡದೆ, “ಕೃತಿಸ್ವಾಮ್ಯ ಕಲಾವಿದರದು, ಪ್ರಕಾಶಕರಿಗೆ ಇಂಥ ಹಕ್ಕು ಮಾತ್ರ” ಎಂದು ಬರೆಸಿ. 19ನೆಯ ಕಲಮಿನ ಪ್ರಕಾರ ಹಕ್ಕು ವರ್ಗಾವಣೆ ಲಿಖಿತವಾಗಿ, ಸಹಿಯೊಂದಿಗೆ ಇರಬೇಕು. ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಎಂದು ಅರ್ಥ. ಹಕ್ಕು ಕೊಟ್ಟ ಮೇಲೂ ‘ಇದು ನನ್ನ ಕೃತಿ’ ಎನ್ನುವ ಹಕ್ಕನ್ನು 57ನೆಯ ಕಲಮು ನಿಮಗೇ ಉಳಿಸುತ್ತದೆ. ಭಾಷಾಂತರ, ಅನಿಮೇಷನ್, ಆಟಿಕೆ, ಕೃತಕ ಬುದ್ಧಿಮತ್ತೆಯ ತರಬೇತಿ ಇವುಗಳಿಗೆ ಬೇರೆ ಬೇರೆ ಸಾಲು ಇರಲಿ. ಮೂಲ ಹಾಳೆ ವಾಪಸ್ ಬರಬೇಕು ಎಂಬುದೂ ಒಂದು ಸಾಲು.

ಹಣ ತಡವಾಗುವುದು ಸ್ವತಂತ್ರ ಕಲಾವಿದರ ದೊಡ್ಡ ಗೋಳು. ಉದ್ಯಮ್ ನೋಂದಣಿ ಉಚಿತ, ಮನೆಯಲ್ಲೇ ಕೂತು ಮಾಡಬಹುದು. ಅತಿಸಣ್ಣ ಉದ್ಯಮ ಎಂದು ನೋಂದಾದರೆ 2006ರ ಎಂ.ಎಸ್.ಎಂ.ಇ. ಕಾಯ್ದೆಯಡಿ ಹಣ ಪಾವತಿಗೆ ಒಪ್ಪಿದ ಗಡುವು 45 ದಿನ ಮೀರುವಂತಿಲ್ಲ; ಮೀರಿದರೆ ರಿಸರ್ವ್ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಬಿಲ್ಲಿನ ಕೆಳಗೆ ಈ ಒಂದು ಸಾಲು ಅಚ್ಚು ಹಾಕಿಸಿಕೊಳ್ಳಿ. ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಸೇವೆಗಳಿಗೆ ಜಿ.ಎಸ್.ಟಿ. ನೋಂದಣಿ ಬೇಕಾಗುವುದಿಲ್ಲ. ಕಂಪನಿಗಳು ಶುಲ್ಕದಲ್ಲಿ ಶೇ 10ರಷ್ಟು ತೆರಿಗೆ ಹಿಡಿದುಕೊಂಡಿದ್ದರೆ ರಿಟರ್ನ್ಸ್ ಸಲ್ಲಿಸಿ. ಆದಾಯ ಮಿತಿಯೊಳಗಿದ್ದರೆ ಅದು ವಾಪಸ್ ಬರುತ್ತದೆ.

ಮೂಲ ಹಾಳೆಗಳ ಬಗ್ಗೆ ಈ ಕಡೆಯವರಿಗೆ ಒಂದು ಎಚ್ಚರಿಕೆ: ಜಾಗ ಇದೆಯೆಂದು ಅಟ್ಟಕ್ಕೆ ಹಾಕಬೇಡಿ. ಕಾಯಿ ಇಟ್ಟ ಕಡೆ ಇಲಿ ಬರುತ್ತದೆ, ಗೋಡೆಗೆ ಗೆದ್ದಲು ಹತ್ತುತ್ತದೆ. ನೆಲದಿಂದ ಎತ್ತರದಲ್ಲಿ, ಗೋಡೆಗೆ ತಾಗದ ಕಬ್ಬಿಣದ ಪೆಟ್ಟಿಗೆಯಲ್ಲಿ, ಹಾಳೆಗಳ ನಡುವೆ ಬಟರ್ ಪೇಪರ್ ಹಾಕಿ ಮಲಗಿಸಿ ಇಡಿ.

ಕೆಲಸ ಎಲ್ಲಿ ಸಿಗುತ್ತದೆ

ಬೆಂಗಳೂರಿನ ಪ್ರಥಮ್ ಬುಕ್ಸ್ 2004ರಿಂದ ಮಕ್ಕಳ ಪುಸ್ತಕ ತರುತ್ತಿದೆ. ಅವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಪುಸ್ತಕಗಳ ಚಿತ್ರಗಳನ್ನು ನೋಡಿದರೆ ಈಗ ಯಾವ ಬಗೆಯ ಕೆಲಸ ಓಡುತ್ತಿದೆ ಎಂದು ತಿಳಿಯುತ್ತದೆ. ಟ್ರಿನಿಟಿ ವೃತ್ತದ ಹತ್ತಿರದ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಗ್ಯಾಲರಿಯಲ್ಲಿ ಪ್ರದರ್ಶನಗಳು ನಡೆಯುತ್ತಿರುತ್ತವೆ. ಬೆಂಗಳೂರಿಗೆ 2012ರಿಂದ ಬರುತ್ತಿರುವ ಕಾಮಿಕ್ ಕಾನ್ ಮೇಳಕ್ಕೆ ಒಮ್ಮೆಯಾದರೂ ಹೋಗಿ. ತಿಪಟೂರಿನಲ್ಲಿ ಬೆಳಗಿನ ರೈಲು ಹತ್ತಿದರೆ ರಾತ್ರಿಗೆ ವಾಪಸ್.

ಹತ್ತಿರದಲ್ಲೇ ಇರುವ ಕೆಲಸವನ್ನು ಮಾತ್ರ ಯಾರೂ ನೋಡುತ್ತಿಲ್ಲ. ತಿಪಟೂರಿನ ಕೊನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಕಪ್ಪುತಲೆ ಹುಳು, ಬಿಳಿ ನೊಣ, ಕಾಂಡದಲ್ಲಿ ರಸ ಸೋರುವ ರೋಗ, ಅಣಬೆ ರೋಗ ಇವುಗಳ ಕರಪತ್ರಗಳಲ್ಲಿ ಒತ್ತಾಗಿ ಅಕ್ಷರ ತುಂಬಿರುತ್ತದೆ. ಇದೇ ಮಾಹಿತಿಯನ್ನು ಒಬ್ಬ ರೈತ, ಅವನ ಪಕ್ಕದ ತೋಟದವಳು, ಒಂದು ಗರಿ ಇಷ್ಟರಲ್ಲೇ ನಾಲ್ಕು ಚೌಕದ ಕಥೆ ಮಾಡಬಹುದು. ಹುಳು ಎಲೆಯ ಅಡಿಭಾಗದಲ್ಲಿ ಕೂತಿರುತ್ತದೆ ಎಂಬುದನ್ನು ಒಂದು ಚಿತ್ರ ಹೇಳುವಷ್ಟು ಚೆನ್ನಾಗಿ ನಾಲ್ಕು ಸಾಲು ಹೇಳಲಾರವು. ದೆಹಲಿಯ ಶರದ್ ಶರ್ಮಾ ಅವರ ವರ್ಲ್ಡ್ ಕಾಮಿಕ್ಸ್ ಇಂಡಿಯಾ ಬೆಳೆಸಿದ ಗೋಡೆ ಕಾಮಿಕ್ಸ್ ಮಾದರಿ ಇದಕ್ಕೆ ಸರಿಯಾಗಿ ಹೊಂದುತ್ತದೆ: ಎರಡು ಎ4 ಹಾಳೆ ಜೋಡಿಸಿ, ನಾಲ್ಕು ಚೌಕ, ಕಪ್ಪು ಬಿಳುಪು, ಜೆರಾಕ್ಸ್ ಪ್ರತಿ. ಡೈರಿ, ಪಂಚಾಯಿತಿ ಕಚೇರಿ, ಎಪಿಎಂಸಿ ಅಂಗಳದ ಗೋಡೆಗೆ ಅಂಟಿಸಿದರೆ ಓದುಗ ನಿಂತು ಓದುತ್ತಾನೆ. ಇದರ ಒಂದು ಮಾದರಿ ಕೇಳುವ ಮೊದಲೇ ಮಾಡಿ ತೋರಿಸಿ. ಎರಡನೆಯದಕ್ಕೆ ದರ ಹೇಳಿ.

ಕೆಲಸ ಕೇಳಿ ಬರೆಯುವಾಗ ಒಂಟಿ ಚಿತ್ರಗಳನ್ನು ಕಳಿಸಬೇಡಿ. ಕತ್ತಿ ಹಿಡಿದ ವೀರನ ಭಂಗಿ ಎಷ್ಟು ಚೆಂದವಿದ್ದರೂ ಅದು ಕಥೆ ಹೇಳಬಲ್ಲಿರೋ ಇಲ್ಲವೋ ಎಂದು ತಿಳಿಸುವುದಿಲ್ಲ. ಮಾತಿಲ್ಲದೆಯೂ ಅರ್ಥವಾಗುವ ಆರೇಳು ಪುಟಗಳು ಬೇಕು: ಅದರಲ್ಲಿ ಒಂದು ಇಬ್ಬರು ಕೂತು ಮಾತಾಡುವ ಪುಟ, ಒಂದು ಜನ ತುಂಬಿದ ಸಂತೆ ಅಥವಾ ಬಸ್ ನಿಲ್ದಾಣ, ಒಂದು ಕೈಗಳ ಕೆಲಸ. ಕಾಯಿ ಸುಲಿಯುವುದು, ಚಿಪ್ಪು ಒಡೆದು ಉಂಡೆ ಬಿಡಿಸುವುದು ಕೈಗಳನ್ನು ಕಲಿಯಲು ಬಹಳ ಒಳ್ಳೆಯ ಪಾಠ. ಒಂದು ಪುಟದ ತಂಬ್‌ನೇಲ್, ಪೆನ್ಸಿಲ್, ಶಾಯಿ, ಬಣ್ಣ ನಾಲ್ಕೂ ಹಂತಗಳನ್ನು ಒಟ್ಟಿಗೆ ಇಡಿ. ನಿಮ್ಮ ಜೊತೆ ಕೆಲಸ ಮಾಡುವುದು ಹೇಗಿರುತ್ತದೆಂದು ಸಂಪಾದಕರಿಗೆ ಅದರಿಂದ ತಿಳಿಯುತ್ತದೆ. ಎಲ್ಲ ಸೇರಿ ಒಂದೇ ಪಿಡಿಎಫ್, 10 ಎಂಬಿ ಒಳಗೆ, ಮೊದಲ ಪುಟದಲ್ಲೇ ಹೆಸರು, ಫೋನು, ತಿಂಗಳಿಗೆ ಎಷ್ಟು ಪುಟ ಕೊಡಬಲ್ಲಿರಿ ಎಂಬ ಸಾಲು. ಉತ್ತರ ಬರದಿದ್ದರೆ ಮೂರು ವಾರ ಬಿಟ್ಟು ಮತ್ತೊಮ್ಮೆ ಬರೆಯಿರಿ, ಹಳೆಯ ಪತ್ರದ ನೆನಪೋಲೆಯಾಗಿ ಬೇಡ, ಹೊಸದೊಂದು ಪುಟದ ಜೊತೆಗೆ.